ಮೈಸೂರಿಂದ ಕಲಬುರಗಿಗೆ ಒಂದು ಗಂಟೆ ಹತ್ತು ನಿಮಿಷ

ಬಸ್ಸಿನ ಬೋರ್ಡನ್ನು ಎರಡು ಸಲ ಓದಿ, ಆಮೇಲೂ ಕಂಡಕ್ಟರನ್ನು ಕೇಳಿಯೇ ಹತ್ತುವ ಜಾತಿ ನನ್ನದು. ಹತ್ತಿ ಕೂತ ಮೇಲೆ ಪಕ್ಕದವರನ್ನೂ ಒಮ್ಮೆ ವಿಚಾರಿಸುತ್ತೇನೆ. ನಮ್ಮ ತುಮಕೂರಿನ ಶಿರಾ ಗೇಟಿನ ಹಣ್ಣಿನಂಗಡಿಯವನು ನನ್ನನ್ನು ಕಂಡರೆ ತಕ್ಕಡಿಯನ್ನು ತಾನಾಗಿಯೇ ನನ್ನ ಕಡೆ ತಿರುಗಿಸುತ್ತಾನೆ. ಇಂಥವನಿಗೆ ಮೊಬೈಲು ಹೇಳಿದ್ದನ್ನು ನಂಬು ಎಂದರೆ ಹೇಗೆ?

ವಿಷಯ ಅಕ್ಕನ ಮಗಳು ಸುಮಾಳ ಮದುವೆಯದು. ಅಕ್ಕನ ಮನೆ ಕುಣಿಗಲ್ಲಿನಲ್ಲಿ. ಹುಡುಗ ಕಲಬುರಗಿಯ ಕಾಲೇಜೊಂದರಲ್ಲಿ ಮೇಷ್ಟ್ರು. ಹುಡುಗ ಹುಡುಗಿ ಒಪ್ಪಿದ್ದರು, ಭಾವನೂ ಒಪ್ಪಿದ್ದರು. ಆದರೆ ನಮ್ಮ ಮನೆಗಳಲ್ಲಿ ಸೋದರಮಾವ ಹೂಂ ಅನ್ನದೆ ತಾಂಬೂಲ ಬದಲಾಗುವುದಿಲ್ಲ, ಆ ಸೋದರಮಾವ ನಾನು. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಗಳ ಮುಖ ನೋಡಿಕೊಂಡು ದೀಪ ಹಚ್ಚುವ ಹೊತ್ತಿಗೆ ವಾಪಸ್ಸು ಬರುವಂತಿರಬೇಕು, ಅಷ್ಟು ದೂರಕ್ಕೇ ಹೆಣ್ಣು ಕೊಡಬೇಕು ಎನ್ನುವುದು ನಮ್ಮ ಹಳೆಯ ಲೆಕ್ಕ. ಕಲಬುರಗಿ ಆ ಲೆಕ್ಕಕ್ಕೆ ಸಿಗುವ ಊರಲ್ಲ.

ಸಂಬಂಧ ತಂದ ಗುಬ್ಬಿಯ ಚಿಕ್ಕಪ್ಪ ಮೊಬೈಲು ಹಿಡಿದು ತುಮಕೂರಿಗೇ ಬಂದರು. "ನೋಡ್ಲಾ ಇಲ್ಲಿ, ಮೈಸೂರ್ ಏರ್‌ಪೋರ್ಟಿಂದ ಕಲಬುರಗಿ ಏರ್‌ಪೋರ್ಟಿಗೆ ಒಂದ್ ಗಂಟೆ ಹತ್ ನಿಮಿಷ. ನೀನು ಗುಬ್ಬಿಗೆ ಬಂದ್ ಹೋಗೋವಷ್ಟೂ ಇಲ್ಲ" ಎಂದರು.

ಆ ಹತ್ತು ನಿಮಿಷವೇ ನನಗೆ ಗುಮಾನಿ ಹುಟ್ಟಿಸಿತು. ಮೊಬೈಲಿನ ಆ ಪುಟದಲ್ಲಿ ದೂರವನ್ನೂ ಬರೆದಿದ್ದರು, ಐನೂರ ಚಿಲ್ಲರೆ ಕಿಲೋಮೀಟರು. ಅಳೆದವರು ಯಾರು? ಹಿಂದಿನವರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ತಪ್ಪಿದ್ದರೆ ನಡೆದವನ ಕಾಲು ಸಾಕ್ಷಿ ಹೇಳುತ್ತಿತ್ತು. ಇಲ್ಲಿ ನಕಾಶೆಯ ಮೇಲೆ ಗೆರೆ ಎಳೆದು ವಿಮಾನದ ವೇಗದಿಂದ ಭಾಗಿಸಿದ್ದಾರೆ, ಅಷ್ಟೆ. ಹತ್ತಿರದ ಬೆಂಗಳೂರು ಬಿಟ್ಟು ಕುಣಿಗಲ್ಲಿನಿಂದ ಮೈಸೂರು ಮುಟ್ಟುವುದು, ಎರಡು ಗಂಟೆ ಮುಂಚೆ ಹೋಗಿ ಬೆಲ್ಟು ಬಿಚ್ಚಿ ಸಾಲಿನಲ್ಲಿ ನಿಲ್ಲುವುದು, ಯಾವುದೂ ಅದರಲ್ಲಿಲ್ಲ. ಇಡೀ ಪುಟ ಜಾಲಾಡಿದೆ. ವಿಮಾನ ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಮಾತೇ ಇರಲಿಲ್ಲ. ನೇರ ವಿಮಾನದ ಟಿಕೆಟ್ಟು ಹುಡುಕಿದರೆ ಅದೂ ಸಿಗಲಿಲ್ಲ. ಹಾರದ ವಿಮಾನ ಒಂದು ಗಂಟೆ ಹತ್ತು ನಿಮಿಷಕ್ಕೆ ತಲುಪುತ್ತದಂತೆ. ನನಗೆ ಸಂತೋಷವಾಯಿತು, ಒಪ್ಪಿಕೊಳ್ಳುತ್ತೇನೆ. ಅನುಮಾನದ ಮನುಷ್ಯನಿಗೆ ತನ್ನ ಅನುಮಾನ ನಿಜವಾದಷ್ಟು ಸುಖ ಬೇರೆ ಯಾವುದರಲ್ಲೂ ಇಲ್ಲ.

ಆ ಭಾನುವಾರವೇ ಕುಣಿಗಲ್ಲಿಗೆ ಹೋದೆ. ಕಾಫಿ ಲೋಟ ಕೆಳಗಿಡುವ ಮೊದಲೇ ವಿಮಾನದ ಬಣ್ಣ ಬಯಲು ಮಾಡಿದೆ. ಭಾವ ತಲೆ ತಗ್ಗಿಸಿದರು. ಸುಮಾ ಒಳಗಿನಿಂದ ಬಂದು ನನ್ನ ಎದುರಿಗೆ ಕೂತಳು.

"ಮಾವ, ತುಮಕೂರಿಂದ ಇಲ್ಲಿಗೆ ಎಷ್ಟೊತ್ತಾಯ್ತು?"

"ಬಸ್ಸಲ್ಲಿ ಒಂದ್ ಗಂಟೆ. ಯಾಕೆ?"

"ನೀವು ನಮ್ಮನೆಗೆ ಬಂದು ಒಂದೂವರೆ ವರ್ಷ ಆಗಿತ್ತು. ಅಪ್ಪಂಗೆ ಆಪರೇಷನ್ ಆದಾಗ್ಲೂ ಫೋನ್ ಮಾಡಿದ್ರಿ, ಅಷ್ಟೆ. ಇವತ್ ಬಂದಿರೋದೂ ಕಲಬುರಗಿ ದೂರ ಅಂತ ಹೇಳೋಕೆ."

ಅವಳ ದನಿಯಲ್ಲಿ ಕೋಪವಿರಲಿಲ್ಲ; ಇದ್ದಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳ ಲೆಕ್ಕದಲ್ಲಾದರೂ ತಪ್ಪು ಸಿಕ್ಕೀತೆಂದು ಮನಸ್ಸಿನಲ್ಲೇ ಎಣಿಸಿದೆ. ತಪ್ಪು ಇತ್ತು, ಅವಳು ಎರಡು ತಿಂಗಳು ಕಡಿಮೆ ಹೇಳಿದ್ದಳು. ನಾಚಿಕೆಯಾಯಿತು. ಮದುವೆಗೆ ಹೂಂ ಎಂದೆ.

ಅಕ್ಕ ಬಸ್ ಸ್ಟ್ಯಾಂಡಿನವರೆಗೂ ಜೊತೆಗೆ ಬಂದಳು. "ಮುಂದಿನ್ ಭಾನುವಾರ ಬರ್ತೀನಿ ಕಣಕ್ಕ" ಎಂದೆ. "ಬಾ ಬಾ" ಎಂದಳು, ನಂಬದವರು ಹೇಳುವ ದನಿಯಲ್ಲಿ. ನನ್ನ ಅನುಮಾನಗಳಿಗೆ ಬರೀ ಹುಟ್ಟುಗುಣವೇ ಆಧಾರ. ಅವಳ ಹತ್ತಿರ ಪುರಾವೆಯೂ ಇತ್ತು.