ಚಾಪೆಗೆ ಜಾಗ ಬಿಟ್ಟ ಕೋಟು

ನಮ್ಮ ದ್ವೀಪರಾಜ್ಯದ ರಾಜಧಾನಿ ನುಕುಅಲೋಫಾದಲ್ಲಿ ಗಂಡಸರ ಉಡುಪಿನ ಮಾತು ಬಂದಾಗ ಮೊದಲು ಕೇಳಿಬರುವ ಹೆಸರು ಶ್ರೀ ಸೆಫಿತಾ ವೈಪುನಾ ಅವರದು. ಪಂಚೆಯಂತೆ ಉಡುವ ತುಪೆನು, ಅದರ ಮೇಲೆ ಕೇದಗೆಯ ಗರಿಯಿಂದ ಹೆಣೆದ ನಡುಚಾಪೆ, ಅದರ ಮೇಲೆ ಇಟಲಿಯ ಕೈಹೊಲಿಗೆಯ ಕೋಟು, ಈ ಮೂರೂ ಒಂದೇ ಮೈಮೇಲೆ ಜಗಳವಾಡದೆ ಕೂರುವಂತೆ ಮಾಡಿದವರು ಅವರು. ನಮ್ಮ ಕುಶಲಕಲಾ ಶಾಲೆಯಿಂದ ಅವರು ನಿವೃತ್ತರಾಗುತ್ತಿರುವಾಗ, ಪಕ್ಕದ ಕೋಣೆಯಲ್ಲೇ ಭೌತವಿಜ್ಞಾನ ಕಲಿಸುತ್ತ ಬಂದ ನನಗೆ ಅವರನ್ನು ಕುರಿತು ಬರೆಯುವ ಅವಕಾಶ ಒದಗಿದ್ದು ಸಂತೋಷದ ಸಂಗತಿ.

ಅವರು ಇಟಲಿಯ ನೇಪಲ್ಸ್‌ನಲ್ಲಿ ಹೊಲಿಗೆ ಕಲಿತು ಮರಳಿದ ವರ್ಷ ನಮ್ಮೂರಿನ ಹೊಸ ಚರ್ಚಿನ ಪ್ರತಿಷ್ಠಾಪನೆಯಿತ್ತು. ನಾನೂ ಹಾಡುತ್ತಿದ್ದ ಗಾಯನ ಮಂಡಳಿಯ ನಾಯಕರಾದ ಕಿತಿಯೋನೆ ಅವರಿಗೆ ಕೋಟು ಹೊಲಿಯುವುದು ಸೆಫಿತಾ ಅವರಿಗೆ ಊರಿನಲ್ಲಿ ದೊರೆತ ಮೊದಲ ದೊಡ್ಡ ಕೆಲಸ; ಅದು ಕೆಟ್ಟರೆ ಎರಡನೆಯ ಕೋಟನ್ನು ಯಾರೂ ಹೊಲಿಸುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಕಲಿತಂತೆಯೇ ಅಂಗಿಯ ಮೇಲೆ ಅಳತೆ ತೆಗೆದು, ಭುಜವನ್ನು ಸಡಿಲ ಬಿಟ್ಟು, ಸೊಂಟದ ಬಳಿ ಬಿಗಿ ಹಿಡಿದು ಹೊಲಿದರು. ಪ್ರತಿಷ್ಠಾಪನೆಯ ಬೆಳಿಗ್ಗೆ ಕಿತಿಯೋನೆ ಮುತ್ತಜ್ಜನ ಕಾಲದ, ಜೇನಿನ ಬಣ್ಣಕ್ಕೆ ತಿರುಗಿದ ದಪ್ಪ ಚಾಪೆಯನ್ನು ನಡುವಿಗೆ ಸುತ್ತಿ, ತೆಂಗಿನ ನಾರಿನ ಹಗ್ಗ ಬಿಗಿದು, ಕೋಟು ತೊಟ್ಟರು. ಗುಂಡಿ ಕಾಜಾದ ಹತ್ತಿರಕ್ಕೂ ಬರಲಿಲ್ಲ.

"ಉಸಿರು ಬಿಗಿಹಿಡಿ ಮಾರಾಯ," ಎಂದರು ಹಾಡುವವರಲ್ಲಿ ಯಾರೋ.

"ನಾನು ಉಸಿರು ಹಿಡ್ಕೊಂಡ್ರೆ ಹಾಡೋದು ನಿಮ್ಮಪ್ಪನಾ?" ಎಂದು ಕಿತಿಯೋನೆ ಸಿಡುಕಿದರು.

"ಇವತ್ತೊಂದಿನ ತೆಳು ಚಾಪೆ ಕಟ್ಕೊಂಡ್ರೆ..." ಎಂದು ಸೆಫಿತಾ ಶುರುಮಾಡಿದ್ದೇ ತಪ್ಪಾಯಿತು. ಅವರ ಸೋದರತ್ತೆ ಮೆಲೆನೈಟೆ ಚರ್ಚಿನ ಬಾಗಿಲಲ್ಲೇ ಕೂತಿದ್ದರು. ಸೋದರತ್ತೆ ಬಾಯಿ ತೆರೆದರೆ ನಮ್ಮಲ್ಲಿ ಎದುರು ಮಾತಿಲ್ಲ.

"ಏನಂದೆ? ಮುತ್ತಜ್ಜನ ಚಾಪೆ ಮನೇಲಿ ಬಿಡೋದಾ? ಅದಿಲ್ದೆ ದೇವರ ಮುಂದೆ ನಿಂತ್ರೆ ಬೆತ್ತಲೆ ನಿಂತ ಹಾಗೆ ಕಣೋ. ಯಾಕೆ, ಆ ಇಟಲಿಯೋರಿಗೆ ಅಜ್ಜ ಮುತ್ತಜ್ಜ ಇರ್ಲಿಲ್ವಾ?"

"ಇದ್ರು ಅತ್ತೆ."

"ಮತ್ತೆ ಅವರ ಹತ್ರ ಏನು ಕಲ್ತು ಬಂದೆ?"

ಆ ಪ್ರಶ್ನೆಗೆ ಉತ್ತರ ಕೋಟಿನ ಒಳಗೇ ಇತ್ತು. ಒಳ್ಳೆಯ ಕೋಟು ಮಗನಿಗೂ ಆಗಬೇಕೆಂದು, ಪಕ್ಕದ ಹೊಲಿಗೆಗಳ ಒಳಗೆ ಧಾರಾಳವಾಗಿ ಬಟ್ಟೆ ಮಡಚಿಡುವುದನ್ನು ನೇಪಲ್ಸ್‌ನ ಗುರುಗಳು ಅವರಿಗೆ ಕಲಿಸಿದ್ದರು. ಸೆಫಿತಾ ಈಗ ಚಾಪೆಯ ಮೇಲೆಯೇ ಅಳತೆ ತೆಗೆದರು. ಚರ್ಚಿನ ಮೆಟ್ಟಿಲ ಮೇಲೆ ಕೂತು, ಹೊಲಿಗೆ ಬಿಚ್ಚಿ, ಮಡಚಿಟ್ಟಿದ್ದ ಬಟ್ಟೆಯಲ್ಲಿ ಬೇಕಾದಷ್ಟನ್ನು ಹೊರಬಿಟ್ಟು ಕೈಯಿಂದಲೇ ಹೊಲಿಯತೊಡಗಿದರು. ಅಸ್ತರಿಲ್ಲದ ಕೋಟಾದ್ದರಿಂದ ಕೆಲಸ ಸಾಗಿತು. ಆದರೂ ಅಂದು ಪಾದ್ರಿಗಳ ಪ್ರಾರ್ಥನೆ ಎಂದಿಗಿಂತ ಉದ್ದವಾದುದಕ್ಕೆ ನಾವು ಗಾಯಕರು ಯಾರೂ ದೂರಲಿಲ್ಲ. ಹಾಡು ಶುರುವಾಗುವ ಮುನ್ನ ಗುಂಡಿ ಕಾಜಾದಲ್ಲಿ ಕೂತಿತು. ಮೆಲೆನೈಟೆ ಕಿತಿಯೋನೆಯವರನ್ನು ಸುತ್ತು ಹಾಕಿ ನೋಡಿ, "ಹ್ಞೂಂ, ಈಗ ನಮ್ಮೋನ ಹಾಗೆ ಕಾಣ್ತಾನೆ," ಎಂದರು.

ಮರುವಾರದಿಂದಲೇ ಅವರ ಅಂಗಡಿಗೆ ಜನ ಬರತೊಡಗಿದರು. ಚಾಪೆ ಕಟ್ಟಿಕೊಂಡು ಬಾರದವರ ಅಳತೆಯನ್ನು ಅವರು ಮುಂದೆಂದೂ ತೆಗೆಯಲಿಲ್ಲ. ಶಾಲೆಗೆ ಸೇರಿದ ಮೇಲೆ ವಿದ್ಯಾರ್ಥಿಗಳಿಗೂ ಮೊದಲು ಕಲಿಸಿದ್ದು ಇದನ್ನೇ. ಕತ್ತರಿ ಕೈಗೆ ಕೊಡುತ್ತಿದ್ದುದು ಆಮೇಲೆ. ನಮ್ಮ ಶಾಲೆಯ ಕಾವಲುಗಾರರು ಅಣ್ಣನನ್ನು ಕಳೆದುಕೊಂಡಾಗ, ಸೂತಕದ ಅಗಲವಾದ ಚಾಪೆಯ ಮೇಲೆ ತೊಡಲು ಅವರಿಗೆ ಕರಿಯ ಕೋಟಿರಲಿಲ್ಲ. ಸೆಫಿತಾ ತಮ್ಮದೇ ಕೋಟನ್ನು ಕಳಚಿ, ಬಿಚ್ಚಿ ಅಗಲಮಾಡಿ ತೊಡಿಸಿದರು. ಮತ್ತೆ ಅದನ್ನು ಕೇಳಲಿಲ್ಲ.

ಕಳೆದ ವರ್ಷ ಕಿತಿಯೋನೆ ತೀರಿಕೊಂಡರು. ಆ ಚಾಪೆಯೂ ಆ ಕೋಟೂ ಈಗ ಅವರ ಮಗನ ಮೈಮೇಲಿವೆ. ಮಗನ ಹೊಟ್ಟೆ ತಂದೆಯದಕ್ಕಿಂತ ದೊಡ್ಡದು. ಸೆಫಿತಾ ಕನ್ನಡಕ ಏರಿಸಿ ಅದೇ ಹೊಲಿಗೆಯನ್ನು ಮತ್ತೆ ಬಿಚ್ಚಿ ಸಡಿಲಿಸಿದರು. "ಇನ್ನೂ ಸ್ವಲ್ಪ ಉಳಿದಿದೆ, ಮೊಮ್ಮಗನಿಗೆ ಆಗತ್ತೆ," ಎಂದರು. ಆ ಮೊಮ್ಮಗ ಇನ್ನೂ ತೊಟ್ಟಿಲಲ್ಲಿದ್ದಾನೆ. ಅವನಿಗಾಗಿ ಆ ಹೊಲಿಗೆ ಬಿಚ್ಚುವ ದಿನವೂ ಸೂಜಿ ಇವರ ಕೈಯಲ್ಲೇ ಇರುವಷ್ಟು ದೀರ್ಘವಾದ, ಆರೋಗ್ಯಪೂರ್ಣ ಆಯುಷ್ಯ ಇವರದಾಗಲಿ.