ಯಾವ ಊರಿನ ಬೇಸಿಗೆ ರಜೆ

ನಮ್ಮ ಬೀದಿಯಲ್ಲಿ ಶಾಲೆಯ ಯೂನಿಫಾರ್ಮ್ ಹೊಲಿಯುವವಳು ಟೈಲರಮ್ಮ ಒಬ್ಬಳೇ. ಬೇಸಿಗೆ ರಜೆ ಬಂತೆಂದರೆ ಅವಳಿಗೆ ಉಸಿರಾಡಲೂ ಪುರುಸೊತ್ತಿಲ್ಲ. ಎದುರಿನ ನನ್ನ ದಾರ-ಗುಂಡಿ ಅಂಗಡಿ ನಡೆಯುವುದೂ ಅವಳಿಂದಲೇ. ಅಂಥವಳು ಈ ಸಲ ಬಂದ ಬಟ್ಟೆಯನ್ನೆಲ್ಲ ವಾಪಸು ಕಳಿಸಿದಳು.

"ಈ ರಜೆ ಪೂರ್ತಿ ನನ್ನ ಮಗಳದು ಕಣೇ," ಎಂದಳು.

ವ್ಯಾಪಾರ ಹೋಯಿತಲ್ಲ ಎಂದು ನನಗೆ ಸಿಟ್ಟು ಬಂದದ್ದು ಸುಳ್ಳಲ್ಲ. ಅವಳ ಮುಖ ನೋಡಿದ ಮೇಲೆ ಆ ಸಿಟ್ಟು ಇಳಿಯಿತು.

ಅವಳು ಗಂಡನನ್ನು ಬಿಟ್ಟು ಬಂದಾಗ ಅವನು ಮಗಳನ್ನು ತನ್ನ ಹತ್ತಿರವೇ ಇಟ್ಟುಕೊಂಡ. ಇವಳ ಪರವಾಗಿ ಮಾತುಕತೆಗೆ ಕೂತವನು ಸ್ವಂತ ಅಣ್ಣ. "ವರ್ಷಕ್ಕೆ ಎರಡು ತಿಂಗಳಾದರೂ ಕೊಡಿ" ಎಂದು ಇವಳು ಅತ್ತಾಗ ಅವನೇ ಸಮಾಧಾನ ಮಾಡಿದ: "ತಿಂಗಳ ಲೆಕ್ಕ ಯಾಕಮ್ಮ? ಬೇಸಿಗೆ ರಜೆ ಪೂರ್ತಿ ಅಂತ ಕೇಳು. ಅದಕ್ಕಿಂತ ದೊಡ್ಡ ರಜೆ ಯಾವುದಿದೆ?" ಇವಳು ಹಾಗೇ ಕೇಳಿದಳು. ಗಂಡ ಮರುಮಾತಿಲ್ಲದೆ ಒಪ್ಪಿದ. ಸೊಪ್ಪಿನ ಕಟ್ಟಿಗೂ ಚೌಕಾಸಿ ಮಾಡುವ ಮನುಷ್ಯ! ನಮಗೆ ಆಗಲೇ ಅನುಮಾನ ಬರಬೇಕಿತ್ತು. ಅಣ್ಣನೇ ಪಕ್ಕದಲ್ಲಿದ್ದನಲ್ಲ ಎಂದು ಬರಲಿಲ್ಲ.

ಬೀದಿಯವರ ಅಳತೆಯೆಲ್ಲ ಬಾಯಿಪಾಠ ಇರುವವಳು ಮಗಳ ಅಳತೆಯನ್ನು ಊಹಿಸಿ ಫ್ರಾಕು ಕತ್ತರಿಸಿದಳು. ಬೆಳೆದಿದ್ದರೆ ಬಿಚ್ಚಬಹುದೆಂದು ಅಂಚನ್ನು ಅಗಲವಾಗಿ ಮಡಚಿ ಹೊಲಿದಳು. ಕಿಟಕಿಗೆ ಹೊಸ ಪರದೆ ಹಾಕಿದಳು. ಇಲ್ಲಿ ಶಾಲೆ ಮುಚ್ಚಿತು. ಮಗಳು ಬರಲಿಲ್ಲ. ಟೈಲರಮ್ಮ ನನ್ನ ಅಂಗಡಿಯಲ್ಲೇ ನಿಂತು, ನನಗೂ ಕೇಳಲೆಂದು ಸ್ಪೀಕರ್ ಹಾಕಿ ಫೋನು ಮಾಡಿದಳು.

"ಅಮ್ಮಾ, ನಂಗೆ ಕ್ಲಾಸ್ ನಡೀತಿದೆ. ಇದು ಉತ್ತರದ ಕಡೆ ಬೆಟ್ಟದ ಮೇಲಿನ ಶಾಲೆ ಅಲ್ವಾ? ಬೇಸಿಗೆ ರಜೆ ಒಂದೇ ವಾರ, ಅದೂ ನಿಮ್ಮೂರಲ್ಲಿ ಶಾಲೆ ತೆರೆದ ಮೇಲೆ. ಹಿಮ ಬೀಳುವಾಗ ದೊಡ್ಡ ರಜೆ."

ಅಷ್ಟು ದೂರದಿಂದ ಬಂದು ಹೋಗುವುದರಲ್ಲೇ ಆ ವಾರ ಮುಗಿಯುತ್ತದೆ.

"ಹಾಗಾದ್ರೆ ಆ ದೊಡ್ಡ ರಜೆಗೇ ಬಾ ಕಂದ."

"ಅಪ್ಪ ಬೇಡ ಅಂದ್ರು. ಮಾತಾಗಿರೋದು ಬೇಸಿಗೆ ರಜೆ ಅಷ್ಟೇ ಅಂತೆ."

"ಈ ಶಾಲೆಗೆ ಸೇರ್ಸಿದ್ದು ಯಾವಾಗ?"

"ನೀವೆಲ್ಲ ಮಾತಾಡೋಕೆ ಕೂರೋ ಮುಂಚೇನೇ ಸೀಟಾಗಿತ್ತು. ಮಾವನೇ ಜೊತೆಗೆ ಬಂದಿದ್ರು. ನಿಂಗೆ ಹೇಳ್ಲಿಲ್ವಾ?"

ಅಯ್ಯೋ, ಅವನ ಮನೆ ಹಾಳಾಗ! ಆ ಗಂಡನ ಗೋದಾಮಿನಲ್ಲೇ ಅಣ್ಣನಿಗೆ ಕೆಲಸವೆಂಬುದು ನಮಗೆಲ್ಲ ಗೊತ್ತಿತ್ತು. ಅನ್ನ ಹಾಕುವವನ ಋಣಕ್ಕೆ ಒಡಹುಟ್ಟಿದವಳ ಕುತ್ತಿಗೆ ಕುಯ್ಯುತ್ತಾನೆಂದು ಯಾರು ಅಂದುಕೊಂಡಾರು? ಗಂಡ ಮೋಸ ಮಾಡಿದ್ದು ಅವಳಿಗೆ ಹೊಸದಲ್ಲ. "ಆ ಮಾತು ನನ್ನ ಬಾಯಿಗೆ ಹಾಕಿದ್ದೇ ಅಣ್ಣ," ಎಂದು ಅದನ್ನೇ ಹೇಳಿ ಹೇಳಿ ಅತ್ತಳು.

ಇಲ್ಲಿ ಶಾಲೆ ತೆರೆಯುವ ಮುಂಚೆ ಆ ಅಣ್ಣ ಮಹಾರಾಯ ಏನೂ ಆಗಿಲ್ಲದವನಂತೆ ತನ್ನ ಮಕ್ಕಳ ಯೂನಿಫಾರ್ಮ್ ಬಟ್ಟೆ ಹಿಡಿದು ಬಂದ. ನಾನು ಅಂಗಡಿ ಬಿಟ್ಟು ಅಲ್ಲಿಗೇ ಹೋಗಿ ನಿಂತೆ.

"ಬೇಗ ಹೊಲಿದುಕೊಡಮ್ಮ. ಬೇರೆಯವರ ಹೊಲಿಗೆ ಮಕ್ಕಳಿಗೆ ಹಿಡಿಸಲ್ಲ."

"ಬೇಸಿಗೆ ರಜೆ ಮುಗಿಯೋದ್ರೊಳಗೆ ಕೊಡ್ತೀನಿ ಅಣ್ಣ."

"ಅಷ್ಟು ಸಾಕು ಬಿಡು," ಎಂದು ಅವನು ಹೊರಡಲು ತಿರುಗಿದ.

"ಯಾವ ಊರಿನ ರಜೆ ಅಂತ ಕೇಳಲ್ವಾ?" ಎಂದಳು. "ನಾನೂ ಅವತ್ತು ಕೇಳಲಿಲ್ಲ. ಅಣ್ಣ ಹೇಳಿದಾನಲ್ಲ ಅಂತ."

ಅವನು ನನ್ನ ಕಡೆ ನೋಡಿದ. ನಾನು ಕಣ್ಣು ತಗ್ಗಿಸಲಿಲ್ಲ. ಬಟ್ಟೆಯನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದ.

ಟೈಲರಮ್ಮ ಫ್ರಾಕು ತೆಗೆದು ಮಡಚಿದ ಅಂಚನ್ನು ಬೆರಳಿನಿಂದ ಅಳೆದಳು.

"ಅವಳು ಬರೋ ಹೊತ್ತಿಗೆ ಇದನ್ನ ಬಿಚ್ಚಿದ್ರೂ ಸಾಲಲ್ಲ ಕಣೇ," ಎಂದಳು.