ಸುಮಾ ಗದರಿದ್ದು ನನ್ನ ದನಿಯಲ್ಲಿ

ತೀವ್ರ ಅಂಗವೈಕಲ್ಯ ಇರುವವರಿಗೆ ನೌಕರಿ ಹುಡುಕಿ, ಅಲ್ಲಿ ಹೊಂದಿಕೊಳ್ಳುವವರೆಗೆ ಜೊತೆಗಿರುವುದು ನನ್ನ ಕೆಲಸ. ಜನಕಪುರಿಯ ಒಂದು ಆಫೀಸು ಸುಮಾಳನ್ನು ಒಂದು ವಾರ ನೋಡಿ ತೀರ್ಮಾನಿಸುತ್ತೇವೆ ಎಂದಿತ್ತು. ಗಾಲಿಕುರ್ಚಿಯಲ್ಲಿರುವ ಸುಮಾಳಿಗೆ ಮಾತು ಬಾರದು, ಕೈ ಆಡದು. ಕೆನ್ನೆಯಿಂದ ಗುಂಡಿ ಒತ್ತಿ, ಕಂಪ್ಯೂಟರಿನಲ್ಲಿ ಸಹಿಯಿಲ್ಲದ ಅರ್ಜಿಗಳನ್ನು ಹೆಕ್ಕುತ್ತಾಳೆ. ಆ ವಾರ ಒಂದೂ ಅವಳ ಕಣ್ಣು ತಪ್ಪಿಸಿರಲಿಲ್ಲ. ಮಾತಿಗೂ ಅಂಥದ್ದೇ ಗುಂಡಿ, ಒತ್ತಿದರೆ ಬೇಕಾದ ವಾಕ್ಯ ಕೇಳಿಸುತ್ತದೆ. ಅಲ್ಲಿನವರಾಡುವ ಹಿಂದಿಯಲ್ಲಿ ವಾಕ್ಯಗಳನ್ನು ಅವಳೇ ಆರಿಸಿದ್ದಳು, ನಾನು ನನ್ನ ದನಿಯಲ್ಲಿ ರೆಕಾರ್ಡ್ ಮಾಡಿಕೊಟ್ಟಿದ್ದೆ.

ಕೊನೆಯ ದಿನ ಮ್ಯಾನೇಜರ್ ಗುಪ್ತಾ ಬಂದರು. ಸುಮಾಳನ್ನು ದಾಟಿ ನನ್ನನ್ನು ಕೇಳಿದರು, "ಮೇಡಂ, ಇವಳು ಚಹಾ ಕುಡೀತಾಳಾ?"

ನನ್ನ ಬಾಯಿ ತುಂಬ ಸಮೋಸ. ಅಷ್ಟರಲ್ಲಿ ನನ್ನದೇ ದನಿ ಗದರಿತು: "ಭಯ್ಯಾ, ನನ್ನನ್ನೇ ಕೇಳಿ!"

ಗುಪ್ತಾ ಹೌಹಾರಿದರು. "ಕೋಪ ಯಾಕೆ ಮೇಡಂ? ನಿಮಗೂ ತರಿಸ್ತೀನಿ!"

ನಾನು ಸಮೋಸ ನುಂಗಲಾಗದೆ ಸುಮಾಳತ್ತ ಕೈ ತೋರಿಸಿದೆ. ಅವಳು ಮತ್ತೆ ಗುಂಡಿ ಒತ್ತಿದಳು: "ಸಕ್ಕರೆ ಕಡಿಮೆ. ಈಗ ಹೋಗಿ, ಕೆಲಸ ಇದೆ."

ಈ ನೌಕರಿ ಹೋದ ಹಾಗೇ ಎಂದುಕೊಂಡೆ. ಗುಪ್ತಾ ಬಗ್ಗಿ, ಮೊದಲ ಸಲ ಅವಳ ಮುಖ ನೋಡಿದರು.

"ಅಚ್ಛಾ, ಸುಮಾ ಜೀ. ಸೋಮವಾರದಿಂದ ಪಕ್ಕಾ ಬನ್ನಿ. ಕೆಲಸ ಇದೆ ಅಂತ ನನ್ನನ್ನೇ ಓಡಿಸೋರು ಈ ಆಫೀಸಲ್ಲಿ ಇನ್ಯಾರೂ ಇಲ್ಲ."

ಅಂದಿನಿಂದ ನಾನು ಬಾಯಿ ತೆರೆದರೆ ಸಾಕು, ಗುಪ್ತಾ ಬೆಚ್ಚುತ್ತಾರೆ. ಪಾಪ ಅನ್ನಿಸಿ, ಬೇರೆಯವರ ದನಿ ಹಾಕಿಸೋಣವಾ ಎಂದು ಸುಮಾಳನ್ನು ಕೇಳಿದೆ.

"ಬೇಡ" ಎಂದಳು. ಅದನ್ನೂ ನನ್ನ ದನಿಯಲ್ಲೇ.